ಗಡಿ ದಾಟಿದರೆ ನಮ್ಮ ಆಸ್ಪತ್ರೆ ಕಾರ್ಡು ನಡೆಯುತ್ತದೆಯೇ?

ನನ್ನದು ಶಿಕಾರಿಪುರ ತಾಲೂಕು, ಉಡುಗಣಿ ಹೋಬಳಿ. ಐದು ಎಕರೆ ಖುಷ್ಕಿ ಜಮೀನು. ಮಳೆ ನಂಬಿ ಗೋವಿನಜೋಳ ಹಾಕುತ್ತೇನೆ. ಏಳನೇ ತರಗತಿಗೆ ಶಾಲೆ ಬಿಟ್ಟವನು. ಇದುವರೆಗೆ ಬೀಜ, ಗೊಬ್ಬರ, ಬಿತ್ತನೆ ಬಿಟ್ಟು ಬೇರೆ ವಿಷಯಕ್ಕೆ ಪೆನ್ನು ಹಿಡಿದವನಲ್ಲ. ಈ ಸಲ ಆಸ್ಪತ್ರೆ ಕಾರ್ಡಿನ ವಿಷಯ ಬರೆಯುತ್ತಿದ್ದೇನೆ. ಕಾರಣ ಇಷ್ಟೇ: ಇದು ಗೊತ್ತಿಲ್ಲದೆ ನಮ್ಮ ಮನೆ ಒಂದು ಸುಗ್ಗಿಯನ್ನೇ ಕಳಕೊಂಡಿತು.

ನಡೆದದ್ದು ಹೀಗೆ

2022ರ ನವೆಂಬರ್. ಜೋಳ ಮುರಿದು ಕಣಕ್ಕೆ ಹಾಕಿದ್ದೆವು. ನನ್ನ ತಮ್ಮನ ಮಗ ಗೋವಾದಲ್ಲಿ ಗಾರೆ ಕೆಲಸಕ್ಕೆ ಇದ್ದ. ಒಂದು ರಾತ್ರಿ ಅವನ ಜೊತೆಗಾರನ ಫೋನು ಬಂತು. ಬೈಕಿನಲ್ಲಿ ಹಿಂದೆ ಕೂತು ಬರುವಾಗ ಬಿದ್ದಿದ್ದಾನೆ, ತೊಡೆ ಮೂಳೆ ಮುರಿದಿದೆ, ಹತ್ತಿರ ಸಿಕ್ಕ ಖಾಸಗಿ ಆಸ್ಪತ್ರೆಗೆ ಸೇರಿಸಿದ್ದೇವೆ ಅಂತ.

ನಾನೂ ತಮ್ಮನೂ ಮನೆಯ ಬಿಪಿಎಲ್ ಕಾರ್ಡು ಹಿಡಿದುಕೊಂಡು ಶಿರಸಿ, ಕಾರವಾರದ ಮೇಲೆ ಬಸ್ಸು ಬದಲಾಯಿಸುತ್ತಾ ಮರುದಿನ ಮಧ್ಯಾಹ್ನ ಹೋಗಿ ಮುಟ್ಟಿದೆವು. ದಾರಿಯುದ್ದಕ್ಕೂ ನಾನು ತಮ್ಮನಿಗೆ ಧೈರ್ಯ ಹೇಳುತ್ತಿದ್ದೆ: ‘ಐದು ಲಕ್ಷದವರೆಗೆ ಸರ್ಕಾರ ಕೊಡ್ತೈತಿ, ದುಡ್ಡಿನ ಚಿಂತಿ ಬಿಡು.’ ಹುಡುಗನೂ ಹಾಗೇ ತಿಳಿದಿದ್ದ. ನಮ್ಮ ರೇಷನ್ ಕಾರ್ಡಿನ ಮೇಲೆ ಗೋವಾದ ನ್ಯಾಯಬೆಲೆ ಅಂಗಡಿಯಲ್ಲಿ ಅವನಿಗೆ ಅಕ್ಕಿ ಸಿಗುತ್ತಿತ್ತು. ಅಕ್ಕಿ ಸಿಕ್ಕ ಮೇಲೆ ಆಸ್ಪತ್ರೆಯೂ ಸಿಗಬೇಕಲ್ಲ ಅನ್ನುವ ಲೆಕ್ಕ.

ಹಣ ಕಟ್ಟುವ ಕಿಟಕಿಯಲ್ಲಿ ಕಾರ್ಡು ಕೊಟ್ಟೆವು. ಅವರು ತಿರುಗಿಸಿ ನೋಡಿ ವಾಪಸು ಕೊಟ್ಟರು. ಅವರ ಮಾತು ನಮಗೆ ತಿಳಿಯಲಿಲ್ಲ. ಅಲ್ಲೇ ನೆಲ ಒರೆಸುತ್ತಿದ್ದ ಬಿಜಾಪುರ ಕಡೆಯ ಹೆಣ್ಣುಮಗಳು ಹತ್ತಿರ ಬಂದು ಹೇಳಿದಳು: ‘ಅಣ್ಣಾ, ಇದು ರೇಷನ್ ಕಾರ್ಡ್ ಐತ್ರಿ. ಆಸ್ಪತ್ರಿ ಕಾರ್ಡ್ ಬ್ಯಾರೆ ಇರ್ತೈತಿ. ಅದು ಇದ್ರೂ ಈ ದವಾಖಾನ್ಯಾಗ ಆ ಯೋಜನಾನ ಇಲ್ರಿ.’

ಅಷ್ಟು ಹೊತ್ತಿಗೆ ಆಪರೇಷನ್‌ಗೆ ತಯಾರಿ ಆಗಿತ್ತು. ಹುಡುಗ ನೋವಿನಲ್ಲಿ ಕೂಗುತ್ತಿದ್ದ. ಬೇರೆ ಆಸ್ಪತ್ರೆ ಹುಡುಕುವ ತ್ರಾಣ ನಮ್ಮಲ್ಲಿ ಇರಲಿಲ್ಲ. ಊರಿಗೆ ಫೋನು ಮಾಡಿ ದಲಾಲಿ ಅಂಗಡಿಯಿಂದ ದುಡ್ಡು ತರಿಸಿದೆವು. ರಾಡು ಹಾಕಿ ಮನೆಗೆ ಕಳಿಸುವಾಗ ಒಟ್ಟು ಲೆಕ್ಕ 1,38,000 ರೂ. ಆ ವರ್ಷ ಗೋವಿನಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 1,962 ರೂ. ಅಂದರೆ ಎಪ್ಪತ್ತು ಕ್ವಿಂಟಲ್ ಜೋಳ. ಕಣದಲ್ಲಿದ್ದ ನಮ್ಮಿಬ್ಬರ ಜೋಳವೂ ಹೋಯಿತು. ತಮ್ಮನ ಮಗಳ ಮದುವೆ ಒಂದು ವರ್ಷ ಮುಂದೆ ಹೋಯಿತು.

ಊರಿಗೆ ಬಂದ ಮೇಲೆ ಬಿಲ್ಲುಗಳ ಕಟ್ಟು ಹಿಡಿದು ಓಡಾಡಿದೆ. ಎಲ್ಲ ಕಡೆ ಒಂದೇ ಉತ್ತರ: ಈ ಯೋಜನೆಯ ಹಣ ಆಸ್ಪತ್ರೆಗೆ ಹೋಗುತ್ತದೆ, ರೋಗಿಯ ಕೈಗೆ ಬರುವುದಿಲ್ಲ. ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಲ್ಲಿ ನೀವು ಕಟ್ಟಿದ್ದು ನಿಮ್ಮದೇ. ಆಗ ನನಗೆ ಹಟ ಬಂತು. ಗ್ರಾಮ ಒನ್ ಕೇಂದ್ರ, ತಾಲೂಕು ಆಸ್ಪತ್ರೆ, ಸಹಕಾರ ಸಂಘ ಎಲ್ಲ ಕಡೆ ಕೂತು ಕೇಳಿ ತಿಳಿದುಕೊಂಡೆ. ಅದನ್ನು ನಮ್ಮ ಭಾಷೆಯಲ್ಲಿ ಇಲ್ಲಿ ಇಡುತ್ತಿದ್ದೇನೆ.

ಬೆಳೆ ವಿಮೆ ಗೊತ್ತಿದ್ದರೆ ಇದೂ ಗೊತ್ತಾಗುತ್ತದೆ

ನಮ್ಮೂರಿನ ಕೆಲವರಿಗೆ ಹಳ್ಳದಾಚೆ ಹಿರೇಕೆರೂರು ತಾಲೂಕಿನಲ್ಲೂ ಜಮೀನಿದೆ. ಮನೆ ಶಿಕಾರಿಪುರದಲ್ಲಿ ಅಂತ ಆಚೆಯ ಹೊಲದ ಬೆಳೆ ವಿಮೆಯನ್ನು ಶಿಕಾರಿಪುರದ ಲೆಕ್ಕದಲ್ಲಿ ಕೊಡುವುದಿಲ್ಲ. ಹೊಲ ಯಾವ ಪಂಚಾಯ್ತಿಯಲ್ಲಿ ಬಿದ್ದಿದೆ, ಅಲ್ಲಿ ಆ ಬೆಳೆ ವಿಮೆಯ ಪಟ್ಟಿಯಲ್ಲಿದೆಯೇ, ಹೆಸರು ಪಹಣಿಗೂ ಆಧಾರಿಗೂ ತಾಳೆಯಾಗುತ್ತದೆಯೇ, ಇವನ್ನು ನೋಡುತ್ತಾರೆ.

ಆಸ್ಪತ್ರೆ ಕಾರ್ಡಿಗೂ ಹೀಗೇ ಮೂರು ಪ್ರಶ್ನೆ. ನನ್ನ ಹೆಸರು ಯಾರ ಪಟ್ಟಿಯಲ್ಲಿದೆ? ಈ ಆಸ್ಪತ್ರೆ ಪಟ್ಟಿಯಲ್ಲಿದೆಯೇ? ಈ ಚಿಕಿತ್ಸೆ ಪಟ್ಟಿಯಲ್ಲಿದೆಯೇ? ಮೂರಕ್ಕೂ ಹೌದು ಅಂದರೆ ಮಾತ್ರ ಕಾರ್ಡು ನಡೆಯುತ್ತದೆ. ನಾವು ‘ಕಾರ್ಡು ಐತಿ, ಕಾರ್ಡು ಐತಿ’ ಅಂದುಕೊಂಡೇ ಗಡಿ ದಾಟಿದೆವು. ಮೂರರಲ್ಲಿ ಒಂದನ್ನೂ ಕೇಳಲಿಲ್ಲ.

ಒಂದು ಕಾರ್ಡು, ಎರಡು ಪಟ್ಟಿ

ಕರ್ನಾಟಕ ಸರ್ಕಾರ 2018ರ ಮಾರ್ಚಿನಲ್ಲಿ ‘ಆರೋಗ್ಯ ಕರ್ನಾಟಕ’ ಶುರು ಮಾಡಿತು. ಅದೇ ವರ್ಷ ಸೆಪ್ಟೆಂಬರ್ 23ಕ್ಕೆ ಕೇಂದ್ರದ ‘ಆಯುಷ್ಮಾನ್ ಭಾರತ’ ಬಂತು. ಅಕ್ಟೋಬರ್ ಕೊನೆಗೆ ಎರಡನ್ನೂ ಸೇರಿಸಿ ಒಂದೇ ಮಾಡಿದರು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್.

ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಪೂರ್ತಿ ಉಚಿತ. ಇದು ಇಡೀ ಮನೆಗೆ ಸೇರಿ, ತಲೆಗೆ ಐದು ಲಕ್ಷ ಅಲ್ಲ. ಎಪಿಎಲ್ ಕುಟುಂಬಕ್ಕೆ ಸರ್ಕಾರ ಗೊತ್ತುಮಾಡಿದ ದರದಲ್ಲಿ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ. ಉಳಿದ ಶೇ. 70 ನಾವೇ ಕಟ್ಟಬೇಕು.

ಇನ್ನು ಗಡಿಯ ವಿಷಯ. ಕೇಂದ್ರದ ಯೋಜನೆ ಮೊದಲು ಫಲಾನುಭವಿಗಳನ್ನು ಹಿಡಿದದ್ದು 2011ರ ಸಾಮಾಜಿಕ, ಆರ್ಥಿಕ ಗಣತಿಯ ಮೇಲೆ. ನಮ್ಮ ರಾಜ್ಯ ಹಿಡಿದದ್ದು ರೇಷನ್ ಕಾರ್ಡಿನ ಮೇಲೆ. ರಾಜ್ಯದ ಪಟ್ಟಿ ದೊಡ್ಡದು, ಕೇಂದ್ರ ತನ್ನ ಪಾಲಿನ ಹಣ ಕೊಡುವ ಪಟ್ಟಿ ಚಿಕ್ಕದು. ಯೋಜನೆ ಕೂಡಿಸುವಾಗ ಕರ್ನಾಟಕದಲ್ಲಿ ಆ ಕೇಂದ್ರದ ಪಟ್ಟಿಗೆ ಬಂದದ್ದು ಸುಮಾರು 62 ಲಕ್ಷ ಕುಟುಂಬ. ಹೊರರಾಜ್ಯದಲ್ಲೂ ಚಿಕಿತ್ಸೆ ಪಡೆಯುವ ಸವಲತ್ತು ಈ ಕೇಂದ್ರದ ಪಟ್ಟಿಗೆ ಸೇರಿದ್ದು. ರಾಜ್ಯ ತನ್ನ ಕೈಯಿಂದ ಸೇರಿಸಿಕೊಂಡ ಕುಟುಂಬಗಳೂ, ಶೇ. 30ರ ಎಪಿಎಲ್ ಕುಟುಂಬಗಳೂ ಗಡಿಯಾಚೆ ಕಾರ್ಡನ್ನು ನಂಬಿ ಹೋಗಬಾರದು.

ಹಾಗಾಗಿ ಒಂದೇ ಬೀದಿಯ ಎರಡು ಬಿಪಿಎಲ್ ಮನೆಗಳಲ್ಲಿ ಶಿವಮೊಗ್ಗಕ್ಕೆ ಹೋದರೆ ಇಬ್ಬರ ಕಾರ್ಡೂ ಒಂದೇ, ಗೋವಾಕ್ಕೆ ಹೋದರೆ ಬೇರೆ ಬೇರೆ. ನಿಮ್ಮ ಮನೆ ಯಾವ ಪಟ್ಟಿಯಲ್ಲಿದೆ ಅನ್ನುವುದನ್ನು ರೇಷನ್ ಕಾರ್ಡು, ಆಧಾರ್ ಕೊಟ್ಟು ಗ್ರಾಮ ಒನ್‌ನಲ್ಲಿ ನೋಡಿಸಬಹುದು. ಉಚಿತ ಸಂಖ್ಯೆ 14555ಕ್ಕೆ ಫೋನು ಮಾಡಿಯೂ ಕೇಳಬಹುದು.

ನಮ್ಮ ತಮ್ಮನ ಮನೆ ಕೇಂದ್ರದ ಪಟ್ಟಿಯಲ್ಲೇ ಇತ್ತು! ಆದರೆ ಹುಡುಗ ತನ್ನ ಹೆಸರಿನ ಕಾರ್ಡು ಮಾಡಿಸಿರಲಿಲ್ಲ. ರೇಷನ್ ಕಾರ್ಡಿನಲ್ಲಿ ಅವನಿಗೆ ಮನೆಯಲ್ಲಿ ಕರೆಯುವ ಹೆಸರು, ಆಧಾರಿನಲ್ಲಿ ಶಾಲೆಯ ಹೆಸರು. ಇದನ್ನು ಮೊದಲೇ ಸರಿಮಾಡಿ, ಪಟ್ಟಿಯಲ್ಲಿರುವ ಆಸ್ಪತ್ರೆಗೆ ಸೇರಿಸಿದ್ದರೆ ಎಪ್ಪತ್ತು ಕ್ವಿಂಟಲ್ ಜೋಳ ಉಳಿಯುತ್ತಿತ್ತು. ಆಸ್ಪತ್ರೆಯವರನ್ನು ಬೈದು ಏನು ಪ್ರಯೋಜನ? ತಪ್ಪು ನಮ್ಮದೂ ಇತ್ತು.

ಹೊರರಾಜ್ಯದಲ್ಲಿ ಕೆಲಸ ನಡೆಯುವ ಬಗೆ

ಪಟ್ಟಿಯಲ್ಲಿರುವ ಪ್ರತಿ ಆಸ್ಪತ್ರೆಯಲ್ಲೂ ‘ಆರೋಗ್ಯ ಮಿತ್ರ’ ಅಂತ ಒಬ್ಬರು ಇರುತ್ತಾರೆ. ಹಣದ ಕಿಟಕಿಗೆ ಹೋಗುವ ಮೊದಲು ಅವರ ಹತ್ತಿರ ಹೋಗಬೇಕು. ಅವರು ಕಾರ್ಡು, ಆಧಾರ್ ನೋಡಿ, ಬೆರಳಚ್ಚು ತೆಗೆದುಕೊಂಡು, ಒಪ್ಪಿಗೆಗೆ ಕಳಿಸುತ್ತಾರೆ. ಚಿಕಿತ್ಸೆ ಕೊಡುವುದು ಆ ರಾಜ್ಯದ ಆಸ್ಪತ್ರೆ, ದುಡ್ಡಿನ ಹೊಣೆ ನಮ್ಮ ರಾಜ್ಯದ್ದು. ಅದಕ್ಕೇ ಒಪ್ಪಿಗೆ ನಮ್ಮ ರಾಜ್ಯದಿಂದ ಹೋಗಬೇಕು. ತುರ್ತು ಅಲ್ಲದ ಕಾಯಿಲೆಯಾದರೆ ಆ ಒಪ್ಪಿಗೆ ಬರುವವರೆಗೆ ಕಾಯುವುದೇ ಲೇಸು. ಅವಸರದಲ್ಲಿ ‘ಮೊದಲು ದುಡ್ಡು ಕಟ್ಟಿ ಆಮೇಲೆ ಕಾರ್ಡು ತೋರಿಸ್ತೀವಿ’ ಅಂದರೆ ಕಟ್ಟಿದ್ದು ತಿರುಗಿ ಬರುವ ಭರವಸೆ ಇಲ್ಲ.

ಇನ್ನೆರಡು ಮಾತು ನೆನಪಿಡಿ. ಇದು ಆಸ್ಪತ್ರೆಗೆ ಸೇರಿದವರಿಗೆ ಇರುವ ಯೋಜನೆ. ಚೀಟಿ ಮಾಡಿಸಿ, ತೋರಿಸಿ, ಮಾತ್ರೆ ಬರೆಸಿಕೊಂಡು ಬರುವುದಕ್ಕೆ ಇಲ್ಲ. ಹಾಗೆಯೇ, ಕೇಂದ್ರದ ನಿಯಮದಂತೆ ಮೊದಲೇ ಇದ್ದ ಕಾಯಿಲೆ ಅಂತ ತಳ್ಳಿಹಾಕುವಂತಿಲ್ಲ. ಬಿಡುಗಡೆಯಾದ ಮೇಲೆ 15 ದಿನದ ಔಷಧಿಯೂ ಅದರಲ್ಲೇ ಸೇರಿದೆ. ಇದನ್ನು ಕೇಳಿ ಪಡೆಯಬೇಕು.

ಗಡಿ ಕಡೆಯವರ ಪಾಡು

ಗಡಿಯ ತೊಂದರೆ ನಮ್ಮೊಬ್ಬರದೇ ಅಲ್ಲ. ಉತ್ತರ ಕನ್ನಡದ ಕಾರವಾರ ಕಡೆಯವರು ಬಹಳ ಕಾಲದಿಂದ ಗೋವಾದ ಬಾಂಬೋಳಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯನ್ನು ನಂಬಿದವರು. 2018ರ ಜನವರಿಯಿಂದ ಅಲ್ಲಿ ಹೊರರಾಜ್ಯದವರಿಗೆ ಶುಲ್ಕ ಇಟ್ಟರು. ಕಾಸರಗೋಡಿನ ಕನ್ನಡಿಗರಿಗೆ ಮಂಗಳೂರೇ ಹತ್ತಿರ. 2020ರ ಮಾರ್ಚಿನಲ್ಲಿ ಕೊರೊನಾ ಅಂತ ಗಡಿ ಮುಚ್ಚಿದಾಗ ಅಲ್ಲಿನ ರೋಗಿಗಳು ತಲಪಾಡಿಯಲ್ಲಿ ನಿಲ್ಲಬೇಕಾಯಿತು, ವಿಷಯ ಕೋರ್ಟಿನ ಮೆಟ್ಟಿಲು ಹತ್ತಿತು. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ತನ್ನ ಮಹಾತ್ಮ ಫುಲೆ ಆರೋಗ್ಯ ಯೋಜನೆಯನ್ನು ನಮ್ಮ ಗಡಿಯೊಳಗಿನ 865 ಹಳ್ಳಿಗಳಿಗೆ ಕೊಡುತ್ತೇವೆ ಅಂದಾಗ ನಮ್ಮ ಸರ್ಕಾರ ವಿರೋಧಿಸಿತು. ಅಂದರೆ ಆಸ್ಪತ್ರೆ ಕಾರ್ಡಿನಲ್ಲೂ ಗಡಿ ಜಗಳ ಇದೆ.

ಕಾಯಿಲೆಗೆ ಮಾತ್ರ ಗಡಿ ಇಲ್ಲ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಇವತ್ತು ಅದು ಕೇರಳದ ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗದವರೆಗೆ ಹೋಗಿದೆ. ಅದು ಯಾರ ಒಪ್ಪಿಗೆಯನ್ನೂ ಕೇಳಲಿಲ್ಲ.

ನಮ್ಮ ಎರಡೂ ತಾಲೂಕುಗಳಲ್ಲಿ ಕೇರಳದವರು ಜಮೀನು ಗುತ್ತಿಗೆ ಹಿಡಿದು ಶುಂಠಿ ಬೆಳೆಯುತ್ತಾರೆ. ಕಟಾವು ಯಂತ್ರದ ಜೊತೆ ಹೊರರಾಜ್ಯದ ಚಾಲಕರು ಬರುತ್ತಾರೆ. ಅವರಿಗೂ ಇಲ್ಲಿ ಇದೇ ಗತಿ. ನಿಮ್ಮ ಹೊಲದಲ್ಲಿ ಅಂಥವರಿಗೆ ಏನಾದರೂ ಆದರೆ, ಅವರ ರಾಜ್ಯದ ಕಾರ್ಡು ಇದೆಯೇ ಕೇಳಿ, ಪಟ್ಟಿಯಲ್ಲಿರುವ ಆಸ್ಪತ್ರೆಗೇ ಕರೆದುಕೊಂಡು ಹೋಗಿ. ಗೋವಾದಲ್ಲಿ ನಮಗೆ ಆ ಬಿಜಾಪುರದ ಹೆಣ್ಣುಮಗಳು ಸಿಕ್ಕಂತೆ ಅವರಿಗೆ ನಾವು ಸಿಗಬೇಕು.

ಗಡಿ ದಾಟಿಯೂ ನಡೆಯುವಂಥವು

ಒಂದು, ರಸ್ತೆ ಅಪಘಾತದ ಯೋಜನೆ. 2025ರ ಮೇ 5ರಂದು ಕೇಂದ್ರ ಸರ್ಕಾರ ಹೊರಡಿಸಿದ್ದು. ಮೋಟಾರು ವಾಹನದ ಅಪಘಾತದಲ್ಲಿ ಗಾಯಗೊಂಡವರು ಯಾವ ರಾಜ್ಯದವರಾದರೂ, ಬಡವರಾದರೂ ಶ್ರೀಮಂತರಾದರೂ, ಗೊತ್ತುಮಾಡಿದ ಆಸ್ಪತ್ರೆಯಲ್ಲಿ ಒಂದೂವರೆ ಲಕ್ಷದವರೆಗೆ, ಅಪಘಾತವಾದ ದಿನದಿಂದ ಏಳು ದಿನದವರೆಗೆ ಹಣ ಕಟ್ಟದೆ ಚಿಕಿತ್ಸೆ. ಗೊತ್ತುಮಾಡದ ಆಸ್ಪತ್ರೆಯಲ್ಲಿ ಜೀವ ನಿಲ್ಲಿಸುವಷ್ಟು ಚಿಕಿತ್ಸೆಗೆ ಮಾತ್ರ. 112ಕ್ಕೆ ಫೋನು ಮಾಡಿ ಪೊಲೀಸರಿಗೆ ತಿಳಿಸುವುದನ್ನು ತಪ್ಪಿಸಬೇಡಿ. ‘ಪೊಲೀಸು ಯಾಕೆ, ಸುಮ್ಮನೆ ರಗಳೆ’ ಅಂದರೆ ಈ ಸವಲತ್ತು ಕೈ ತಪ್ಪುತ್ತದೆ. ನಮ್ಮ ಹುಡುಗ ಬಿದ್ದಾಗ ಇದು ಇರಲಿಲ್ಲ.

ಎರಡು, ಇಎಸ್‌ಐ. ಕಾರ್ಖಾನೆ, ಹೋಟೆಲ್, ಅಂಗಡಿಯಂಥ ಕಡೆ ಕೆಲಸಕ್ಕಿರುವ ಮಕ್ಕಳ ಸಂಬಳದ ಚೀಟಿ ನೋಡಿ. 2017ರಿಂದ ಇದರ ಮಿತಿ ತಿಂಗಳಿಗೆ 21,000 ರೂ. ಸಂಬಳ. 2019ರ ಜುಲೈಯಿಂದ ಕೆಲಸಗಾರನ ಪಾಲು ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕನ ಪಾಲು ಮೂರೂಕಾಲು. ಇದು ದೇಶದ್ದು. ಮಗ ಗೋವಾದಲ್ಲೋ ತಮಿಳುನಾಡಿನ ಹೊಸೂರಿನಲ್ಲೋ ಇದ್ದರೂ, ಅವನನ್ನೇ ಅವಲಂಬಿಸಿದ ಮನೆಯವರ ಹೆಸರು ಬರೆಸಿದ್ದರೆ ಅವರಿಗೂ ಇಲ್ಲಿನ ಇಎಸ್‌ಐ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಉಂಟು. ಸಂಬಳದಲ್ಲಿ ಹಣ ಮುರಿದಿದ್ದರೂ ಹೆಸರು ಬರೆಸದೆ ಬಿಟ್ಟವರನ್ನು ನಾನೇ ನೋಡಿದ್ದೇನೆ.

ಮೂರು, ಕಂಪನಿಗಳಿಂದ ಕೊಳ್ಳುವ ವಿಮೆ. ಇದು ಸಾಮಾನ್ಯವಾಗಿ ದೇಶದೊಳಗೆ ಎಲ್ಲಾದರೂ ನಡೆಯುತ್ತದೆ. ಕಂಪನಿಯ ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಾದರೆ ಮೊದಲು ನಾವು ಕಟ್ಟಿ ಆಮೇಲೆ ಬಿಲ್ಲು ಕೊಟ್ಟು ಪಡೆಯಬೇಕು. ಮೊದಲೇ ಇದ್ದ ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥವಕ್ಕೆ ಕಾಯುವ ಅವಧಿ ಇರುತ್ತದೆ. 2024ರ ಏಪ್ರಿಲ್‌ನಿಂದ ಅದು ಮೂರು ವರ್ಷ ಮೀರುವಂತಿಲ್ಲ. ಫಾರಂ ತುಂಬುವಾಗ ಕಾಯಿಲೆ ಮುಚ್ಚಿಟ್ಟರೆ ಹಣ ಕೇಳುವಾಗ ಅದೇ ಮುಳುವಾಗುತ್ತದೆ. ಏಜೆಂಟ್ ‘ಬರೀಬ್ಯಾಡ್ರಿ’ ಅಂದರೂ ಬರೆಸಿ. ದೊಡ್ಡ ನಗರದಲ್ಲಿ ಚಿಕಿತ್ಸೆ ಪಡೆದರೆ ಇಷ್ಟು ಪಾಲು ನೀವೇ ಕಟ್ಟಬೇಕು ಅನ್ನುವ ಷರತ್ತು ಕೆಲವು ಪಾಲಿಸಿಗಳಲ್ಲಿ ಇರುತ್ತದೆ, ಅದನ್ನು ಓದಿಸಿ ಕೇಳಿ.

ಯಶಸ್ವಿನಿ ನಮ್ಮ ರಾಜ್ಯದ್ದು

ಸಹಕಾರ ಸಂಘದವರಿಗೆ ಯಶಸ್ವಿನಿ ಹೊಸದಲ್ಲ. 2003ರಲ್ಲಿ ಶುರುವಾದಾಗ ತಲೆಗೆ ವರ್ಷಕ್ಕೆ 60 ರೂ. ಕಟ್ಟುತ್ತಿದ್ದೆವು. 2018ರಲ್ಲಿ ನಿಂತಿತು. 2023ರ ಜನವರಿಯಿಂದ ಮತ್ತೆ ಬಂತು. ಮತ್ತೆ ಬಂದಾಗ ಹಳ್ಳಿಯಲ್ಲಿ ನಾಲ್ಕು ಜನರ ಕುಟುಂಬಕ್ಕೆ 500 ರೂ., ಮೇಲೆ ಒಬ್ಬೊಬ್ಬರಿಗೆ 100 ರೂ., ವರ್ಷಕ್ಕೆ ಐದು ಲಕ್ಷದ ಮಿತಿ ಅಂತ ಇಟ್ಟರು. ಎಪಿಎಲ್ ಕಾರ್ಡಿನ ರೈತರಿಗೆ ಇದು ಬಹಳ ಆಧಾರ. ಶೇ. 30ರ ಯೋಜನೆ ನಂಬಿ ಕೂರುವುದಕ್ಕಿಂತ ಸಂಘದ ಸದಸ್ಯರಾಗಿ ಇದನ್ನು ಮಾಡಿಸುವುದು ಮೇಲು.

ಆದರೆ ಇದು ಕರ್ನಾಟಕದ ಸಹಕಾರ ಇಲಾಖೆಯ ಯೋಜನೆ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಮಾತ್ರ ನಡೆಯುತ್ತದೆ. ಹೊರರಾಜ್ಯದಲ್ಲಿ ದುಡಿಯುವವರು ಇದನ್ನೇ ನೆಚ್ಚಿಕೊಳ್ಳಬಾರದು. ನೋಂದಣಿಯೂ ವರ್ಷವಿಡೀ ಇರುವುದಿಲ್ಲ. ಕಾರ್ಯದರ್ಶಿ ಡಂಗುರ ಹೊಡೆಸುವುದಿಲ್ಲ, ನಾವೇ ಹೋಗಿ ಕೇಳಬೇಕು.

ಎರಡನೇ ಸಲ ಎಡವಲಿಲ್ಲ

ನಮ್ಮ ಅಕ್ಕನನ್ನು ಸೊರಬ ತಾಲೂಕಿನ ಆನವಟ್ಟಿ ಕಡೆ ಕೊಟ್ಟಿದೆ. 2024ರಲ್ಲಿ ಭಾವನವರಿಗೆ ನಡೆದರೆ ಎದೆ ಹಿಡಿದಂತೆ ಆಗುತ್ತಿತ್ತು. ಅವರ ಮಗ ಬೆಳಗಾವಿಯಾಚೆ ಮಹಾರಾಷ್ಟ್ರದ ಒಂದು ದೊಡ್ಡ ಆಸ್ಪತ್ರೆಗೆ ಒಯ್ಯೋಣ ಅಂತ ಹೊರಟಿದ್ದ. ಯಾರೋ ಅಲ್ಲಿ ಕಡಿಮೆ ಖರ್ಚು ಅಂದಿದ್ದರಂತೆ. ನಾನು ‘ತಡಿಯೋ ಮಾರಾಯ, ಮೊದ್ಲು ಮೂರು ಪ್ರಶ್ನೆ ಕೇಳಾಣ’ ಅಂದೆ.

ಗ್ರಾಮ ಒನ್‌ನಲ್ಲಿ ನೋಡಿಸಿದರೆ ಭಾವನ ಮನೆ ರಾಜ್ಯದ ಪಟ್ಟಿಯಲ್ಲಿತ್ತು, ಕೇಂದ್ರದ್ದರಲ್ಲಿ ಇರಲಿಲ್ಲ. ಗಡಿ ದಾಟಿದ್ದರೆ ಪೂರ್ತಿ ಕೈಯಿಂದಲೇ. ಆದ್ದರಿಂದ ಸರ್ಕಾರಿ ಆಸ್ಪತ್ರೆಯಿಂದಲೇ ಶುರು ಮಾಡಿದೆವು. ನಮ್ಮ ರಾಜ್ಯದ ಕ್ರಮ ಹೀಗಿದೆ: ಸಣ್ಣಪುಟ್ಟ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲೇ. ದೊಡ್ಡದಾದರೆ, ಸರ್ಕಾರಿ ಆಸ್ಪತ್ರೆಯಲ್ಲಿ ಆ ಸೌಲಭ್ಯ ಇಲ್ಲದಿದ್ದಾಗ ಅವರು ಶಿಫಾರಸು ಪತ್ರ ಕೊಡುತ್ತಾರೆ, ಅದನ್ನು ಹಿಡಿದು ಪಟ್ಟಿಯ ಖಾಸಗಿ ಆಸ್ಪತ್ರೆಗೆ. ಪ್ರಾಣಾಪಾಯದ ತುರ್ತು ಇದ್ದರೆ ಮಾತ್ರ ಪತ್ರ ಬೇಡ, ಪಟ್ಟಿಯ ಆಸ್ಪತ್ರೆಗೆ ನೇರ ಹೋಗಬಹುದು.

ಪತ್ರಕ್ಕೆ ಎರಡು ದಿನ ಓಡಾಟ ಆಯಿತು. ಭಾವ ‘ಈ ಕಾಗದದ ಕೆಲಸದಾಗೇ ನಾ ಹೋಗಿಬಿಡ್ತೀನೇನೋ’ ಅಂತ ಗೊಣಗಿದರು. ಪಟ್ಟಿಯ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ನಮ್ಮ ಕೈಯಿಂದ ಹೋದದ್ದು ಬಸ್ಸಿನ ಚಾರ್ಜು, ಜೊತೆಯವರ ಊಟದ ಖರ್ಚು ಅಷ್ಟೇ. ಈಗ ಅವರು ಮೊದಲಿನಂತೆ ಗದ್ದೆ ಬದುವಿನ ಮೇಲೆ ಓಡಾಡುತ್ತಾರೆ.

ಮನೆಯಿಂದ ಹೊರಡುವ ಮೊದಲು

• ಮನೆಯ ಒಬ್ಬೊಬ್ಬರಿಗೂ ಅವರವರ ಹೆಸರಿನ ಕಾರ್ಡು ಮಾಡಿಸಿ. ಸೊಸೆ, ಮೊಮ್ಮಕ್ಕಳ ಹೆಸರನ್ನು ರೇಷನ್ ಕಾರ್ಡಿಗೆ ಸೇರಿಸಿ.

• ರೇಷನ್ ಕಾರ್ಡು, ಆಧಾರ್ ಎರಡರಲ್ಲೂ ಹೆಸರು ಒಂದೇ ಇರಲಿ.

• ಬಿಪಿಎಲ್ ಕಾರ್ಡು ಎಪಿಎಲ್ ಆದರೆ ಐದು ಲಕ್ಷದ ಸವಲತ್ತು ಹೋಗಿ ಶೇ. 30ಕ್ಕೆ ಇಳಿಯುತ್ತದೆ. ಕಾರ್ಡು ಇನ್ನೂ ಚಾಲ್ತಿಯಲ್ಲಿದೆಯೇ ಆಗಾಗ ನೋಡಿ.

• ಹೊರರಾಜ್ಯಕ್ಕೆ ದುಡಿಯಲು ಹೋಗುವ ಮಕ್ಕಳು ತಾವಿರುವ ಊರಿನ ಹತ್ತಿರ ಯಾವ ಆಸ್ಪತ್ರೆ ಪಟ್ಟಿಯಲ್ಲಿದೆ ಅಂತ ಹೋದ ವಾರದಲ್ಲೇ ಕೇಳಿ ಬರೆದಿಟ್ಟುಕೊಳ್ಳಲಿ. ಜೊತೆಗಾರರಿಗೂ ಹೇಳಿರಲಿ. ಬಿದ್ದವನನ್ನು ಎತ್ತಿಕೊಂಡು ಹೋಗುವವರು ಅವರೇ.

• 14555 ಮತ್ತು ನಮ್ಮ ರಾಜ್ಯದ ಆರೋಗ್ಯ ಸಹಾಯವಾಣಿ 104 ಫೋನಿನಲ್ಲಿ ಇರಲಿ.

• ಏನೂ ದಾರಿಯಿಲ್ಲದೆ ಕೈಯಿಂದ ಕಟ್ಟಿದ್ದರೆ ಮೂಲ ಬಿಲ್ಲುಗಳನ್ನು ಕಳೆಯಬೇಡಿ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕಬಹುದು. ಪೂರ್ತಿ ಬರುತ್ತದೆ ಅಂತ ನೆಚ್ಚಬೇಡಿ.

ತಮ್ಮನ ಮಗ ಈಗ ಊರಿನಲ್ಲೇ ಇದ್ದಾನೆ. ಸ್ವಲ್ಪ ಕುಂಟುತ್ತಾನೆ, ಕೂರಿಗೆ ಹಿಡಿಯಲು ತೊಂದರೆಯಿಲ್ಲ. ಈ ಸಲ ನಮ್ಮ ಕೇರಿಯಿಂದ ಮತ್ತೆ ನಾಲ್ಕು ಹುಡುಗರು ಗೋವಾಕ್ಕೆ ಹೊರಟಾಗ ಅವನೇ ಅವರನ್ನು ಗ್ರಾಮ ಒನ್‌ಗೆ ಕರೆದುಕೊಂಡು ಹೋಗಿ ಕಾರ್ಡು ಮಾಡಿಸಿ, ಹೆಸರು ಸರಿಮಾಡಿಸಿ ಕಳಿಸಿದ. ಬಿತ್ತುವ ಮೊದಲು ಬೀಜ ಪರೀಕ್ಷೆ ಮಾಡುವ ನಾವು, ಮಗನನ್ನು ಊರು ಬಿಡಿಸುವ ಮೊದಲು ಈ ಕಾರ್ಡನ್ನೂ ಒಂದು ಸಲ ಪರೀಕ್ಷೆ ಮಾಡಬೇಕು.

ಹೊರರಾಜ್ಯದಲ್ಲಿ ಕಾರ್ಡು ನಡೆದ ಅನುಭವ, ನಡೆಯದ ಅನುಭವ ಓದುಗರಲ್ಲಿ ಇದ್ದರೆ ದಯವಿಟ್ಟು ಪತ್ರಿಕೆಗೆ ಬರೆಯಿರಿ. ನನ್ನದು ಒಂದು ಮನೆಯ ಪಾಠ. ಎಲ್ಲರದ್ದೂ ಸೇರಿದರೆ ಊರಿಗೇ ಉಪಯೋಗ.